ಕಾರ್ಖಾನೆಯ ನೆರೆಹೊರೆ



ಒಂದು ಕೈಗಾರಿಕೆಯು ದೇಶದ ಯಾವ ಸೀಮೆಯಲ್ಲಿ ನೆಲೆಸುತ್ತದೆಂಬ ಪ್ರಶ್ನೆಗೆ ಉತ್ತರ ಹೇಳುವುದು ಅಷ್ಟೇನೂ ಕಷ್ಟವಲ್ಲ. ಅದಿರು ದೊರೆಯುವ ಕಡೆ, ಕಲ್ಲಿದ್ದಲಿನ ಗಣಿಯಿರುವ ಕಡೆ, ನೀರು ಧುಮುಕಿ ವಿದ್ಯುತ್ತು ಹುಟ್ಟುವ ಕಡೆ, ಹಡಗು ನಿಲ್ಲುವ ಕಡೆ ಎಂದು ನಾವೆಲ್ಲರೂ ಭೂಗೋಳದ ಪಾಠದಲ್ಲಿ ಓದಿದ್ದೇವೆ. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕುಲುಮೆ ಉರಿಯತೊಡಗಿದುದು ಏತಕ್ಕೆಂದು ಯಾರಾದರೂ ಕೇಳಿದರೆ, ಕೆಮ್ಮಣ್ಣುಗುಂಡಿಯ ಅದಿರನ್ನೂ ಮಲೆನಾಡಿನ ಕಾಡುಗಳ ಇದ್ದಿಲನ್ನೂ ತೋರಿಸಿದರೆ ಸಾಕು. ಆದರೆ ಪ್ರಶ್ನೆಯನ್ನು ಸ್ವಲ್ಪ ಕಿರಿದುಮಾಡಿ, ಒಂದೇ ಪಟ್ಟಣದೊಳಗೆ ಈ ಕಸಬು ಈ ಬೀದಿಯಲ್ಲಿಯೇ ಏಕೆ ಗುಂಪುಗೂಡಿದೆ, ಆ ಕಾರ್ಖಾನೆ ಮಾತ್ರ ಏಕೆ ಊರ ಹೊರಗೆ ಬಯಲಿನಲ್ಲಿ ನಿಂತಿದೆ ಎಂದು ಕೇಳಿ ನೋಡಿ. ಆಗ ಅದಿರಾಗಲಿ ಜಲಪಾತವಾಗಲಿ ನಮ್ಮ ನೆರವಿಗೆ ಬಾರದು. ಒಂದೇ ಪಟ್ಟಣದ ಎಲ್ಲ ಬೀದಿಗಳಿಗೂ ಹವೆ ಒಂದೇ, ಕೊಳಾಯಿಯ ನೀರು ಒಂದೇ, ರೈಲು ನಿಲ್ದಾಣವೂ ಒಂದೇ.

ಬಾಡಿಗೆಯೇ ಕಾರಣವೆಂದು ಕೆಲವರು ತಟಕ್ಕನೆ ಹೇಳಿಯಾರು. ಬಾಡಿಗೆಯ ಮಾತು ನಿಜವಾಗಿದ್ದ ಪಕ್ಷದಲ್ಲಿ ಬಡ ಕಸಬುದಾರನು ಊರ ಅಂಚಿಗೆ ಹೋಗಿ ನಿಲ್ಲಬೇಕಾಗಿತ್ತು. ಹಣವುಳ್ಳ ದೊಡ್ಡ ಕಾರ್ಖಾನೆ ನಡುಪೇಟೆಯಲ್ಲಿರಬೇಕಾಗಿತ್ತು. ನಡೆದಿರುವುದು ಇದಕ್ಕೆ ತೀರ ವ್ಯತಿರಿಕ್ತ. ಅಂಗಲ ನೆಲಕ್ಕೂ ಬೆಲೆಯುಳ್ಳ ಇಕ್ಕಟ್ಟಾದ ಓಣಿಯಲ್ಲಿ, ಬೆಳಕು ಸಾಲದ ಕೊಠಡಿಯಲ್ಲಿ ಕುಳಿತಿರುವವನು ಆ ಬಡ ಕಸಬುದಾರನೇ. ಹತ್ತಾರು ಎಕರೆಯ ಬಯಲಿಗೆ ಹೋಗಿ ಬೇಲಿ ಹಾಕಿಕೊಂಡಿರುವವರು ಧನಿಕರೇ. ಹಾಗಿದ್ದರೆ ಬಾಡಿಗೆಯ ಭಾರವನ್ನೂ ಹಗುರವೆನ್ನಿಸುವ ಯಾವುದೋ ಒಂದು ಆಕರ್ಷಣೆ ಆ ಓಣಿಯಲ್ಲಿ ಇದ್ದೇ ಇರಬೇಕು.

ಆ ಆಕರ್ಷಣೆಯು ನೆರೆಮನೆಯವನದು. ಒಬ್ಬನ ಮುಗಿದ ಸರಕು ಇನ್ನೊಬ್ಬನಿಗೆ ಕಚ್ಚಾ ಪದಾರ್ಥ. ಇವನ ಗಿರಾಕಿ ಅವನಿಗೆ ಸರಬರಾಜುದಾರ. ಈ ಕೊಟ್ಟು ಕೊಳ್ಳುವ ಸಂಬಂಧವು ದಿನಕ್ಕೆ ನಾಲ್ಕು ಬಾರಿ ನಡೆಯಬೇಕಾದಾಗ, ಕಾರ್ಖಾನೆಯ ನೆಲೆಯನ್ನು ಗೊತ್ತುಮಾಡುವುದು ಭೂಮಿಯ ಬೆಲೆಯಲ್ಲ, ನಡಿಗೆಯ ಅಳತೆ. ಇದನ್ನು ವಿಶದಪಡಿಸುವುದಕ್ಕಾಗಿ ನಾನು ನಮ್ಮ ದೇಶದಿಂದ ಬಹು ದೂರದ ಒಂದು ಪಟ್ಟಣವನ್ನು ಆರಿಸಿಕೊಂಡಿದ್ದೇನೆ. ಅದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ. ಅದನ್ನೇ ಆರಿಸಿದುದಕ್ಕೆ ಕಾರಣವೂ ಉಂಟು: ಅಲ್ಲಿನ ಕಸಬಿನ ಕೇರಿಗಳನ್ನು ಕುರಿತು 1929ರಲ್ಲಿ ಜಿ. ಸಿ. ಅಲೆನ್ ಎಂಬ ಅರ್ಥಶಾಸ್ತ್ರಜ್ಞರೂ, 1949ರಲ್ಲಿ ಎಂ. ಜೆ. ವೈಸ್ ಎಂಬ ಭೂಗೋಳಶಾಸ್ತ್ರಜ್ಞರೂ ಬಹು ಎಚ್ಚರಿಕೆಯಿಂದ ಬರೆದಿದ್ದಾರೆ. ಒಂದು ಸಂಬಂಧ ಹೇಗೆ ಹುಟ್ಟಿತು, ಹೇಗೆ ಬಲಿಯಿತು, ಹೇಗೆ ಕಡಿಯಿತು ಎಂಬುದನ್ನು ಬೀದಿ ಬೀದಿಯಾಗಿ ಅಲ್ಲಿ ತೋರಿಸಬಹುದು.

ಬರ್ಮಿಂಗ್‌ಹ್ಯಾಂ ಸಮುದ್ರದಿಂದ ದೂರವಿರುವ ಊರು. ದೋಣಿ ಸಾಗುವಂಥ ನದಿಯೂ ಅದಕ್ಕಿಲ್ಲ. ಆದರೂ ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಲೋಕಕ್ಕೆಲ್ಲ ಬಂದೂಕನ್ನೂ ಗುಂಡಿಯನ್ನೂ ಲೇಖನಿಯ ಮುಳ್ಳನ್ನೂ ಒಡವೆಯನ್ನೂ ಮಾಡಿ ಕಳುಹಿಸುತ್ತಿದ್ದಿತು. ಇವುಗಳಲ್ಲಿ ಬಂದೂಕಿನ ಕಸಬು ಸಂತ ಮೇರಿಯ ದೇವಾಲಯದ ಸುತ್ತಣ ಕೆಲವೇ ಬೀದಿಗಳಲ್ಲಿ ಅಡಕವಾಗಿದ್ದಿತು. ಸ್ಟೀಲ್‌ಹೌಸ್ ಓಣಿ, ವಿಟ್ಟಲ್ ಬೀದಿ, ಲವ್‌ಡೇ ಬೀದಿ, ವೀಮನ್ ಬೀದಿ ಎಂದು ಅವುಗಳ ಹೆಸರು. ಇವನ್ನೆಲ್ಲ ಒಬ್ಬ ಮನುಷ್ಯ ಅರ್ಧ ಗಂಟೆಯಲ್ಲಿ ಸುತ್ತಿ ಬರಬಹುದಾಗಿತ್ತು.

ಈ ಕೇರಿಯ ವಿಚಿತ್ರವೇನೆಂದರೆ, ಬಂದೂಕು ಮಾಡುವ ಧಣಿಗಳೆಂದು ಹೆಸರಾದವರಲ್ಲಿ ಅನೇಕರಿಗೆ ಕಾರ್ಖಾನೆಯೇ ಇರಲಿಲ್ಲ! ಅವರಿಗೆ ಇದ್ದುದು ಒಂದು ಉಗ್ರಾಣ. ನಳಿಗೆಯನ್ನು ಒಬ್ಬನಿಂದ ಕೊಳ್ಳುವರು. ಮದ್ದಿಗೆ ಕಿಡಿ ತಾಗಿಸುವ ಯಂತ್ರಭಾಗವನ್ನು ಇನ್ನೊಬ್ಬನಿಂದ ಕೊಳ್ಳುವರು, ಅದು ಬಹುಮಟ್ಟಿಗೆ ಹತ್ತಿರದ ಡಾರ್ಲಸ್ಟನ್ ಮುಂತಾದ ಊರುಗಳಿಂದ ಬರುತ್ತಿದ್ದಿತು. ಹಿಡಿಮರವನ್ನು ಮತ್ತೊಬ್ಬನಿಂದ ಕೊಳ್ಳುವರು. ಬಳಿಕ ಈ ಬಿಡಿಭಾಗಗಳು ಉಗ್ರಾಣದಿಂದ ಹೊರಟು ಒಬ್ಬರ ಕೈಯಿಂದ ಒಬ್ಬರ ಕೈಗೆ ಯಾತ್ರೆ ಹೊರಡುವುವು. ನಳಿಗೆಯ ಒಳಮೈಯನ್ನು ಕೊರೆದು ಸುರುಳಿಗೆರೆ ಹಾಕುವವನೊಬ್ಬ, ಹಿಡಿಮರಕ್ಕೆ ಉಕ್ಕನ್ನು ಕೂಡಿಸುವವನೊಬ್ಬ, ಉಕ್ಕಿಗೆ ಹದ ಕೊಡುವವನೊಬ್ಬ, ಉಜ್ಜಿ ಹೊಳಪು ಕೊಡುವವನೊಬ್ಬ, ಚಿತ್ರ ಕೆತ್ತುವವನೊಬ್ಬ, ತುಕ್ಕು ಹಿಡಿಯದಂತೆ ನಳಿಗೆಗೆ ಕಂದುಬಣ್ಣ ಕಟ್ಟುವವನೊಬ್ಬ. ನಡುವೆ ನಳಿಗೆಯು ಪರೀಕ್ಷಾಲಯಕ್ಕೆ ಹೋಗಿ ಬರಬೇಕು. ಹೆಚ್ಚು ಮದ್ದು ತುಂಬಿ ಹಾರಿಸಿ, ಒಡೆಯದೆ ನಿಂತ ನಳಿಗೆಗೆ ಮುದ್ರೆಯೊತ್ತುವ ಈ ಪರೀಕ್ಷಾಲಯವನ್ನು ಬಂದೂಕುಗಾರರೇ ಪ್ರಯತ್ನಪಟ್ಟು 1813ರಲ್ಲಿ ಪಾರ್ಲಿಮೆಂಟಿನ ಕಾನೂನಿನ ಮೂಲಕ ತಮ್ಮ ಊರಿನಲ್ಲಿಯೇ ಸ್ಥಾಪಿಸಿಕೊಂಡರು.

ಇವರೆಲ್ಲರೂ ಬೇರೆ ಬೇರೆ ಯಜಮಾನರು. ಬಾಡಿಗೆ ಬೇರೆ, ಲೆಕ್ಕ ಬೇರೆ, ಲಾಭ ನಷ್ಟ ಬೇರೆ. ಆದರೂ ದೂರದಿಂದ ನೋಡುವವನಿಗೆ ಆ ಇಡೀ ಕೇರಿಯೇ ಒಂದು ಕಾರ್ಖಾನೆಯೆಂದೂ, ಬೀದಿಗಳೇ ಆ ಕಾರ್ಖಾನೆಯ ಪಡಸಾಲೆಗಳೆಂದೂ ತೋರುವುದು. ಕಂದುಬಣ್ಣ ಕಟ್ಟುವವನು ಬಾಡಿಗೆ ಕಡಮೆಯೆಂದು ಮೂರು ಮೈಲಿ ಆಚೆಗೆ ಹೋದನೆನ್ನೋಣ. ಅವನಿಗೆ ಒಂದು ದಿನಕ್ಕೆ ಬರುವುದು ಒಬ್ಬೊಬ್ಬರಿಂದ ನಾಲ್ಕೈದು ನಳಿಗೆಗಳು. ಅಷ್ಟಕ್ಕೋಸ್ಕರ ಗಾಡಿ ಕಟ್ಟಿಕೊಂಡು ಯಾರು ಹೋದಾರು? ಪಕ್ಕದ ಬೀದಿಯಲ್ಲಿರುವ ಅವನ ಪ್ರತಿಸ್ಪರ್ಧಿಗೆ ಕೆಲಸವೆಲ್ಲ ಹೋಗುವುದು. ಅಲ್ಲದೆ ಈ ಕೆಲಸವು ಕಾಗದದ ಮೇಲೆ ಬರೆದು ಕಳುಹಿಸುವಂಥದಲ್ಲ. ಇಲ್ಲಿ ಕೂದಲೆಳೆಯಷ್ಟು ಸವೆಯಿಸು, ಅಲ್ಲಿ ಮುಟ್ಟಬೇಡ ಎಂದು ಬೆರಳಿಟ್ಟು ತೋರಿಸಬೇಕು. ಕೆಟ್ಟರೆ ಹೊತ್ತು ಮುಳುಗುವುದರೊಳಗೆ ಹಿಂದಕ್ಕೆ ತಂದು ಜಗಳವಾಡಬೇಕು. ಜಗಳವಾಡುವ ಅನುಕೂಲವೂ ವ್ಯಾಪಾರದಲ್ಲಿ ಒಂದು ಬಂಡವಾಳವೇ ಎಂಬುದನ್ನು ಅರ್ಥಶಾಸ್ತ್ರದ ಗ್ರಂಥಗಳು ಸಾಕಷ್ಟು ಒತ್ತಿ ಹೇಳಿಲ್ಲವೆಂದು ನನ್ನ ಅಭಿಪ್ರಾಯ.

ಈಗ ಇದೇ ಕಸಬಿನ ಇನ್ನೊಂದು ಮುಖವನ್ನು ನೋಡೋಣ. 1850ರ ದಶಕದಲ್ಲಿ ಬ್ರಿಟಿಷ್ ಸರ್ಕಾರವು ಎನ್‌ಫೀಲ್ಡ್ ಎಂಬಲ್ಲಿದ್ದ ತನ್ನ ಕಾರ್ಖಾನೆಗೆ ಅಮೆರಿಕದಿಂದ ಹೊಸ ಯಂತ್ರಗಳನ್ನು ತರಿಸಿತು. ಆ ಯಂತ್ರಗಳು ಮಾಡಿದ ಭಾಗಗಳೆಲ್ಲ ಒಂದೇ ಅಳತೆ; ಯಾವ ಬಂದೂಕಿನ ಭಾಗವನ್ನು ಯಾವ ಬಂದೂಕಿಗೆ ಹಾಕಿದರೂ ಕೂಡಿಕೊಳ್ಳುತ್ತಿದ್ದಿತು. ಇದನ್ನು ಕಂಡು ಬರ್ಮಿಂಗ್‌ಹ್ಯಾಮಿನ ಬಂದೂಕುಗಾರರಲ್ಲಿ ಕೆಲವರು 1861ರಲ್ಲಿ ಕೂಡಿ ಒಂದು ಕಂಪೆನಿಯನ್ನು ಕಟ್ಟಿದರು. ಮುಂದೆ ಸೈಕಲ್ಲು ಮೋಟಾರ್‌ಸೈಕಲ್ಲುಗಳಿಂದ ನಮ್ಮ ದೇಶದಲ್ಲಿಯೂ ಮನೆಮಾತಾದ ಬಿ.ಎಸ್.ಎ. ಎಂಬುದೇ ಆ ಕಂಪೆನಿ. ಅದರ ಕಾರ್ಖಾನೆಯನ್ನು ಎಲ್ಲಿ ಕಟ್ಟಿದರು? ಹಳೆಯ ಕೇರಿಯಲ್ಲಲ್ಲ. ಊರ ಹೊರಗೆ, ರೈಲುದಾರಿಯ ಬದಿಯಲ್ಲಿ, ಸ್ಮಾಲ್ ಹೀತ್ ಎಂಬ ಕಡೆ 25 ಎಕರೆ ನೆಲವನ್ನು ಕೊಂಡು ಕಟ್ಟಿದರು. ಕಟ್ಟಿಸಿದವರು ಅದೇ ಜನ, ಮಾಡುತ್ತಿದ್ದುದು ಅದೇ ಸರಕು, ಊರೂ ಅದೇ. ಬದಲಾದುದು ಒಂದೇ: ಹಿಂದೆ ಬೀದಿಯಲ್ಲಿ ಹರಡಿಕೊಂಡಿದ್ದ ಸಂಬಂಧಗಳೆಲ್ಲ ಈಗ ಒಂದು ಗೋಡೆಯೊಳಕ್ಕೆ ಬಂದುವು. ನೆರೆಯವನ ಹಂಗು ತೀರಿದ ಮೇಲೆ ಕಾರ್ಖಾನೆಯು ಅಗ್ಗದ ನೆಲವನ್ನು ಹುಡುಕಿಕೊಂಡು ಹೊರಟಿತು.

ಹಾಗೆಂದು ಹಳೆಯ ಕೇರಿ ಅಂದೇ ಅಳಿಯಲಿಲ್ಲ. ಸೈನ್ಯದ ಬಂದೂಕು ಸಾವಿರಗಟ್ಟಲೆ ಒಂದೇ ಅಚ್ಚಿನಲ್ಲಿ ಬೇಕು. ಬೇಟೆಯ ಬಂದೂಕು ಹಾಗಲ್ಲ. ಅದನ್ನು ಕೊಳ್ಳುವ ದೊರೆಯ ತೋಳಿನ ಉದ್ದವನ್ನು ನೋಡಿ ಹಿಡಿಮರವನ್ನು ಕಡೆಯಬೇಕು, ಅವನ ಅಭಿರುಚಿಗೆ ತಕ್ಕ ಕೆತ್ತನೆ ಮಾಡಬೇಕು. ಒಂದರಂತೆ ಇನ್ನೊಂದಿಲ್ಲದ ಈ ಕೆಲಸ ಹಳೆಯ ಬೀದಿಗಳಲ್ಲಿಯೇ ಉಳಿಯಿತು. ನಮ್ಮ ಸಂಸ್ಥಾನದ ಅರಮನೆಗಳ ಗೋಡೆಗಳ ಮೇಲೆ ಹುಲಿಯ ತಲೆಯಾಗಿ ನೇತಾಡುತ್ತಿರುವ ಪ್ರಾಣಿಗಳಲ್ಲಿ ಕೆಲವಾದರೂ ಈ ಬೀದಿಗಳ ಕೈಕೆಲಸಕ್ಕೆ ಬಲಿಯಾದುವೆಂದು ಊಹಿಸಿದರೆ ತಪ್ಪಾಗಲಾರದು.

ಒಡವೆಯ ಕೇರಿಯ ಕಥೆ ಇದಕ್ಕಿಂತಲೂ ಸ್ವಾರಸ್ಯವಾದುದು. ಹದಿನೆಂಟನೆಯ ಶತಮಾನದಲ್ಲಿ ಬರ್ಮಿಂಗ್‌ಹ್ಯಾಮಿನ ಬೆಳ್ಳಿ ಕೆಲಸದವರಿಗೆ ಒಂದು ದೊಡ್ಡ ಕೊರತೆಯಿದ್ದಿತು. ಬೆಳ್ಳಿಯ ಸಾಮಾನಿನ ಚೊಕ್ಕತನವನ್ನು ಪರೀಕ್ಷಿಸಿ ಮುದ್ರೆಯೊತ್ತುವ ಕಚೇರಿ ಅಲ್ಲಿರಲಿಲ್ಲ. ಸುಮಾರು 70 ಮೈಲಿ ದೂರದ ಚೆಸ್ಟರಿಗೋ, ಅದಕ್ಕಿಂತಲೂ ದೂರದ ಲಂಡನ್ನಿಗೋ ಸರಕನ್ನು ಕಳುಹಿಸಿ ತರಿಸಬೇಕಾಗಿದ್ದಿತು. ದಾರಿಯ ವೆಚ್ಚವೊಂದು, ಕಾಲಹರಣವೊಂದು. ಇವೆರಡನ್ನೂ ಮೀರಿದುದು, ಸರಿಯಾಗಿ ಕಟ್ಟದೆ ಹಿಂದಕ್ಕೆ ಕಳುಹಿಸಿದ ಸರಕು ನಗ್ಗಿಹೋಗುತ್ತಿದ್ದ ಸಂಕಟ. ಉಗಿಯಂತ್ರದ ಜೇಮ್ಸ್ ವಾಟನ ಪಾಲುದಾರನೆಂದು ಪ್ರಸಿದ್ಧನಾದ ಮ್ಯಾಥ್ಯೂ ಬೋಲ್ಟನ್ ಈ ಅನ್ಯಾಯದ ವಿರುದ್ಧ ಪಾರ್ಲಿಮೆಂಟಿನ ಬಾಗಿಲು ತಟ್ಟಿದನು. 1773ರಲ್ಲಿ ಬರ್ಮಿಂಗ್‌ಹ್ಯಾಮಿಗೂ ಷೆಫೀಲ್ಡಿಗೂ ಒಂದೊಂದು ಕಚೇರಿ ಮಂಜೂರಾಯಿತು. ಮುದ್ರೆಗೆ ಬೇಕಾದ ಗುರುತನ್ನು ಎರಡು ಊರಿನವರೂ ತಾವು ಇಳಿದುಕೊಂಡಿದ್ದ ಲಂಡನ್ನಿನ ‘ಕಿರೀಟ ಮತ್ತು ಲಂಗರು’ ಎಂಬ ವಸತಿಗೃಹದ ಹೆಸರಿನಿಂದಲೇ ಹಂಚಿಕೊಂಡರೆಂದು ಹೇಳುವುದುಂಟು. ಅಂತೂ ಸಮುದ್ರವನ್ನೇ ಕಾಣದ ಬರ್ಮಿಂಗ್‌ಹ್ಯಾಮಿಗೆ ಲಂಗರಿನ ಗುರುತು ದಕ್ಕಿತು. ಕಚೇರಿಯು ಆರಂಭವಾದುದು ಒಂದು ವಸತಿಗೃಹದ ಮೂರು ಕೊಠಡಿಗಳಲ್ಲಿ, ಅದೂ ವಾರಕ್ಕೆ ಒಂದೇ ದಿನ.

ಆ ಮೂರು ಕೊಠಡಿಗಳು ಎಂಥ ಬೀಜವಾದುವೆಂದರೆ, ಮುಂದಿನ ನೂರು ವರ್ಷಗಳಲ್ಲಿ ಹಾಕ್ಲಿಯ ಕಡೆಗೆ ಹಬ್ಬಿದ ವೈಸ್ ಬೀದಿ, ಫ್ರೆಡೆರಿಕ್ ಬೀದಿ, ವಾರ್‌ಸ್ಟನ್ ಓಣಿಗಳು ಒಡವೆಯ ಕೆಲಸದವರಿಂದ ತುಂಬಿಹೋದುವು. ಆ ಬೀದಿಗಳು ಮೊದಲು ಸಂಪನ್ನ ಗೃಹಸ್ಥರಿಗಾಗಿ ಕಟ್ಟಿದುವು. ಮುಂದೆ ಅಂಗಳ, ಹಿಂದೆ ಕೈತೋಟ. ಕಸಬು ಬೆಳೆದಂತೆ ಕೈತೋಟದಲ್ಲಿ ಕೆಲಸದ ಕೊಟ್ಟಿಗೆ ಎದ್ದಿತು. ಅನಂತರ ಊಟದ ಮನೆ ಅಚ್ಚಿನ ಮನೆಯಾಯಿತು, ಮಲಗುವ ಕೊಠಡಿಯನ್ನು ಇನ್ನೊಬ್ಬ ಕಸಬುದಾರನಿಗೆ ಬಾಡಿಗೆಗೆ ಕೊಟ್ಟದ್ದಾಯಿತು. ಒಂದೇ ಮನೆಯಲ್ಲಿ ಮೂರು ನಾಲ್ಕು ಉದ್ಯಮಗಳು ಸೇರಿಕೊಂಡುವು. ಅಚ್ಚನ್ನು ಕೆತ್ತುವವನು, ತಗಡಿನ ಮೇಲೆ ಆ ಅಚ್ಚನ್ನು ಒತ್ತುವವನು, ಬೆಸುಗೆ ಹಾಕುವವನು, ಸರಪಳಿ ಹೆಣೆಯುವವನು, ಹರಳು ಕೂಡಿಸುವವನು, ಗಿಲೀಟು ಕೊಡುವವನು, ಕಡೆಗೆ ಮಖಮಲ್ಲು ಹಾಸಿದ ಪೆಟ್ಟಿಗೆಯನ್ನು ಮಾಡುವವನು, ಇವರೆಲ್ಲರೂ ಕೂಗಿದರೆ ಓ ಎನ್ನುವಷ್ಟು ಹತ್ತಿರದಲ್ಲಿದ್ದರು. ಇದರಲ್ಲಿ ನನಗೆ ಬಹಳ ಮೆಚ್ಚುಗೆಯಾದವನು ಕಸ ಕೊಳ್ಳುವವನು. ಕೆಲಸದ ಕೊಠಡಿಯ ನೆಲದ ಧೂಳು, ಕೈ ತೊಳೆದ ನೀರು, ಸವೆದ ಉಡುಪು, ಇವುಗಳಲ್ಲಿ ಅಡಗಿದ ಚಿನ್ನದ ರಜವನ್ನು ಸುಟ್ಟು ಸೋಸಿ ಹಿಂದಕ್ಕೆ ತೆಗೆಯುವುದೇ ಒಂದು ಪ್ರತ್ಯೇಕ ಉದ್ಯಮವಾಗಿದ್ದಿತು. ಒಬ್ಬ ಅಕ್ಕಸಾಲಿಯ ಕಸದಿಂದ ಯಾರೂ ಬದುಕಲಾರರು. ಐದು ನೂರು ಅಕ್ಕಸಾಲಿಗಳ ಕಸ ಕೂಡಿದರೆ ಅದು ಒಂದು ಸಂಸಾರವನ್ನು ಸಾಕುವ ಗಣಿ.

ಕೇಂಬ್ರಿಜ್ಜಿನ ಆಲ್‌ಫ್ರೆಡ್ ಮಾರ್ಷಲ್ ತಮ್ಮ ಅರ್ಥಶಾಸ್ತ್ರದ ಗ್ರಂಥದಲ್ಲಿ 1890ರಷ್ಟು ಹಿಂದೆಯೇ ಇಂಥ ಗುಂಪುಗೂಡುವಿಕೆಯ ಲಾಭಗಳನ್ನು ವಿವರಿಸಿದರು: ನುರಿತ ಕೆಲಸಗಾರರು ಅಲ್ಲಿ ಬೇಗ ದೊರೆಯುವರು, ಉಪಕಸಬುಗಳು ಅಲ್ಲಿ ಬೆಳೆಯುವುವು, ಕಸಬಿನ ಗುಟ್ಟು ಒಬ್ಬರಿಂದೊಬ್ಬರಿಗೆ ತಾನಾಗಿ ಹರಡುವುದು. ಇದಕ್ಕೆ ನಾನು ಸೇರಿಸಬೇಕೆಂದಿರುವುದು ಒಂದೇ. ಈ ಲಾಭಗಳು ಯಾರೊಬ್ಬರ ಲೆಕ್ಕದ ಪುಸ್ತಕದಲ್ಲಿಯೂ ಬರೆದಿರುವುದಿಲ್ಲ. ಆದ ಪ್ರಯುಕ್ತ ಊರನ್ನು ಹೊಸದಾಗಿ ಕಟ್ಟಹೊರಟವರ ಕಣ್ಣಿಗೆ ಅವು ಬೀಳುವುದಿಲ್ಲ.

ಬರ್ಮಿಂಗ್‌ಹ್ಯಾಮಿನಲ್ಲಿ ಆದುದು ಹೀಗೆಯೇ. ಎರಡನೆಯ ಮಹಾಯುದ್ಧದ ತರುವಾಯ ನಗರಸಭೆಯವರು ಊರಿನ ಒಡಲನ್ನು ಸುತ್ತುವರಿಯುವ ಒಂದು ವಿಶಾಲವಾದ ರಸ್ತೆಯನ್ನು ಹಾಕಿದರು. 1957ರಲ್ಲಿ ಆರಂಭವಾಗಿ 1971ರಲ್ಲಿ ಪೂರ್ತಿಯಾದ ಆ ರಸ್ತೆಯು ಬಂದೂಕಿನ ಕೇರಿಯನ್ನು ಸೀಳಿಕೊಂಡು ಹೋಯಿತು. ಕಾರ್ಯಾಗಾರಗಳು ಅನೇಕವು ನೆಲಸಮವಾದುವು. ಕಸಬು ಆ ವೇಳೆಗೆ ಕ್ಷೀಣಿಸಿದ್ದುದು ನಿಜ. ಆದರೆ ಕ್ಷೀಣಿಸಿದ ಕಸಬಿಗೆ ನೆರೆಹೊರೆಯ ಆಸರೆ ಇನ್ನೂ ಹೆಚ್ಚಾಗಿ ಬೇಕು. ಎಂಟು ಮಂದಿ ಕೆತ್ತನೆಗಾರರಿದ್ದಲ್ಲಿ ಒಬ್ಬನ ಮನೆ ಕೆಡೆದರೆ ಏಳು ಮಂದಿ ಉಳಿಯುವರು. ಇದ್ದವನೊಬ್ಬನೇ ಹೋದರೆ ಅವನ ಹಿಂದೆ ಇನ್ನು ನಾಲ್ಕು ಕಸಬುಗಳು ನಿಲ್ಲುವುವು. ಇಂದು ಆ ಕೇರಿಯಲ್ಲಿ ಬಂದೂಕುಗಾರರೆಂಬವರು ಬೆರಳೆಣಿಕೆಗೆ ಸಿಕ್ಕುವಷ್ಟು ಮಾತ್ರ.

ಒಡವೆಯ ಕೇರಿಗೂ ಇಂಥ ಗಂಡಾಂತರ ಬಂದಿತ್ತು. ಹಳೆಯ ಮನೆಗಳನ್ನು ಕೆಡವಿ, ಅಲ್ಲಿದ್ದವರನ್ನು ಬಹುಮಹಡಿಯ ಹೊಸ ಕಾರ್ಖಾನೆಯೊಂದರಲ್ಲಿ ಇರಿಸಬೇಕೆಂದು ನಗರಸಭೆಯವರು ಯೋಚಿಸಿದರು. 1971ರ ಸುಮಾರಿಗೆ ಕಟ್ಟಡ ಎದ್ದು ನಿಂತಿತು. ಉದ್ದೇಶ ಒಳ್ಳೆಯದೇ. ಆದರೆ ಹೊಸ ಕಟ್ಟಡದ ಬಾಡಿಗೆ ಹಳೆಯ ಮಲಗುವ ಕೊಠಡಿಯ ಬಾಡಿಗೆಗಿಂತ ಬಹಳ ಹೆಚ್ಚು. ಸಣ್ಣವರು ಅನೇಕರು ಅದನ್ನು ತೆರಲಾರದೆ ಹೋದರು. ಇಂದು ಆ ಕಟ್ಟಡದಲ್ಲಿ ಬೇರೆ ಬಗೆಯ ಕಚೇರಿಗಳೇ ಹೆಚ್ಚು. ಅದೃಷ್ಟವಶಾತ್ ಕೆಡವುವ ಕೆಲಸ ಪೂರ್ತಿ ಮುಂದುವರಿಯಲಿಲ್ಲ; ಉಳಿದ ಬೀದಿಗಳಲ್ಲಿ ಈಗಲೂ ನೂರಾರು ಸಣ್ಣ ಉದ್ಯಮಗಳು ಒಡವೆಯ ಕೆಲಸವನ್ನೇ ಮಾಡುತ್ತಿವೆ. 1773ರ ಆ ಮುದ್ರೆಯ ಕಚೇರಿಯೂ ಅಲ್ಲಿಯೇ ಇದೆ. 2015ರಲ್ಲಿ ಅದು ತನ್ನ ಹಳೆಯ ಕಟ್ಟಡವನ್ನು ಬಿಟ್ಟಿತಾದರೂ ಕೇರಿಯನ್ನು ಬಿಡಲಿಲ್ಲ.

ಇನ್ನು ನಮ್ಮ ನಾಡಿನ ಕಡೆಗೆ ತಿರುಗೋಣ. ಬೆಂಗಳೂರಿನ ಹಳೆಯ ಪೇಟೆಯಲ್ಲಿ ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಅಕ್ಕಿಪೇಟೆ ಎಂಬ ಹೆಸರುಗಳೇ ಕಸಬಿಗೂ ಬೀದಿಗೂ ಇದ್ದ ಋಣವನ್ನು ಸಾರುತ್ತವೆ. ಬರ್ಮಿಂಗ್‌ಹ್ಯಾಮಿನ ಜೋಡಿಯನ್ನು ಹೋಲುವ ಒಂದು ಜೋಡಿ ನಮ್ಮ ರೇಷ್ಮೆಯಲ್ಲಿಯೇ ಉಂಟು. ದೀರ್ಘಕಾಲ ರೇಷ್ಮೆ ನೇಯ್ಗೆಯ ಕೇರಿಯಾಗಿದ್ದ ಕಬ್ಬನ್‌ಪೇಟೆಯಲ್ಲಿ ನೂಲಿಗೆ ಹುರಿ ಕೊಡುವವನು, ಬಣ್ಣ ಹಾಕುವವನು, ಹಾಸು ಹೂಡುವವನು, ಜರಿಯ ವ್ಯಾಪಾರಿ, ನೇಯುವವನು ಎಲ್ಲರೂ ಬೇರೆ ಬೇರೆ. ಆದುದರಿಂದ ಎಲ್ಲರೂ ಹತ್ತಿರ ಹತ್ತಿರ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ರೇಷ್ಮೆ ಕಾರ್ಖಾನೆಯಲ್ಲಾದರೋ ಈ ಕೆಲಸಗಳು ಒಂದೇ ಆವರಣದೊಳಗೆ ನಡೆಯುತ್ತವೆ. ಅದಕ್ಕೆ ಬೇಕಾದುದು ವಿಶಾಲವಾದ ನೆಲ. ಪೇಟೆಯ ಹಂಗು ಅದಕ್ಕಿಲ್ಲ.

ಬೆಂಗಳೂರಿನ ದೊಡ್ಡ ಕಾರ್ಖಾನೆಗಳೂ ಈ ರೀತಿಯವೇ. 1940ರ ವಿಮಾನ ಕಾರ್ಖಾನೆ, 1948ರ ದೂರವಾಣಿ ಕಾರ್ಖಾನೆ, 1953ರ ಎಚ್.ಎಂ.ಟಿ., 1954ರ ಭಾರತ್ ಎಲೆಕ್ಟ್ರಾನಿಕ್ಸ್, ಇವೆಲ್ಲವೂ ಊರಾಚೆಯ ಬಯಲಿನಲ್ಲಿ ತಮ್ಮದೇ ಪುಟ್ಟ ಊರುಗಳನ್ನು ಕಟ್ಟಿಕೊಂಡು ನಿಂತುವು. ಆದರೆ ಕಾಲಕ್ರಮದಲ್ಲಿ ಅವು ಸಣ್ಣ ಪುಟ್ಟ ಭಾಗಗಳನ್ನು ಹೊರಗಿನವರಿಂದ ಮಾಡಿಸತೊಡಗಿದಾಗ, ಗೋಡೆಯೊಳಗಿನ ಸಂಬಂಧ ಮತ್ತೆ ಬೀದಿಗೆ ಬಂದಿತು. 1970ರ ದಶಕದಿಂದ ಈಚೆಗೆ ಜಾಲಹಳ್ಳಿಗೆ ಸಮೀಪದ ಪೀಣ್ಯದಲ್ಲಿ ಬೆಳೆದ ಸಾವಿರಾರು ಸಣ್ಣ ಕಾರ್ಖಾನೆಗಳನ್ನು ನೋಡಿದವರಿಗೆ ಇದು ತಿಳಿದೀತು. ಲೇತಿನ ಮೇಲೆ ಕಡೆಯುವವನು ಒಬ್ಬ, ಮಿಲ್ಲಿಂಗ್ ಮಾಡುವವನು ಒಬ್ಬ, ಉಕ್ಕಿಗೆ ಹದ ಕೊಡುವವನು ಒಬ್ಬ, ಸಾಣೆ ಹಿಡಿಯುವವನು ಒಬ್ಬ, ಕೊನೆಗೆ ಕ್ರೋಮಿಯಮ್ಮಿನದೋ ಸತುವಿನದೋ ಲೇಪ ಕೊಡುವವನು ಒಬ್ಬ. ಇವರು ಜಾಬ್ ವರ್ಕ್ ಎಂದು ಕರೆಯುವುದು ಸ್ಟೀಲ್‌ಹೌಸ್ ಓಣಿಯ ಕೆಲಸವೇ. ಬಿಡಿಭಾಗಗಳ ತಟ್ಟೆಯನ್ನು ಹೊತ್ತು ನಡೆಯುವವನ ಬದಲು ಆಟೋರಿಕ್ಷಾ ಬಂದಿದೆ, ಅಷ್ಟೇ ವ್ಯತ್ಯಾಸ.

ಇಲ್ಲಿಯೇ ಕಷ್ಟವಾದ ಪ್ರಶ್ನೆಯೊಂದು ಏಳುವುದು. ಲೇಪ ಕೊಡುವವನ ತೊಟ್ಟಿಯಿಂದ ಹೊರಬೀಳುವ ನೀರು ವಿಷ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದು ಪರೀಕ್ಷೆಗಳಿಂದ ಕಂಡುಬಂದಿದೆ. ಸುತ್ತಮುತ್ತ ಸಂಸಾರಗಳು ವಾಸಿಸುತ್ತಿರುವಾಗ, ಕಸಬಿನ ಸಂಬಂಧ ದೊಡ್ಡದೆಂದು ಹೇಳಿ ಅವರ ಬಾವಿಗೆ ವಿಷ ಹಾಕುವುದನ್ನು ಯಾರೂ ಸಮರ್ಥಿಸಲಾರರು, ನಾನಂತೂ ಸಮರ್ಥಿಸುವುದಿಲ್ಲ. ಅಂಥವನನ್ನು ಊರಿನಿಂದ ಎತ್ತಿ ದೂರ ಹಾಕಿಬಿಡಿ ಎಂಬ ಮಾತು ಆಗ ಸಹಜವಾಗಿಯೇ ಹೊರಡುತ್ತದೆ. ಆದರೆ ಹಾಗೆ ಎತ್ತಿ ಹಾಕುವುದು ಒಬ್ಬನನ್ನಲ್ಲ. ಅವನ ಲೇಪವಿಲ್ಲದೆ ಲೇತಿನವನ ಸರಕು ಗಿರಾಕಿಯ ಬಾಗಿಲನ್ನು ಸೇರಲಾರದು. ಮೂವತ್ತು ಮೈಲಿ ಆಚೆಗೆ ನೂರು ತಿರುಪುಗಳನ್ನು ಕಳುಹಿಸಿ ತರಿಸಿಕೊಳ್ಳುವ ವೆಚ್ಚ ಆ ತಿರುಪುಗಳ ಲಾಭವನ್ನು ನುಂಗಿಬಿಡುವುದು. ಚೆಸ್ಟರಿಗೆ ಬೆಳ್ಳಿ ಕಳುಹಿಸುತ್ತಿದ್ದವರ ಸಂಕಟವೇ ಇದು.

ಬೋಲ್ಟನ್ ಕಾಲದವರು ಆ ಸಂಕಟಕ್ಕೆ ಕಂಡುಕೊಂಡ ಪರಿಹಾರವು ಎಲ್ಲರಿಗೂ ಸೇರಿದ ಒಂದು ಕಚೇರಿ. ಒಬ್ಬ ಕಸಬುದಾರನ ಶಕ್ತಿಗೆ ಮೀರಿದ್ದನ್ನು ಇಡೀ ಕೇರಿಗೆ ಒದಗಿಸಿಕೊಟ್ಟುದರಿಂದ ಕೇರಿ ಉಳಿಯಿತು. ಲೇಪದ ನೀರಿನ ವಿಷಯದಲ್ಲಿಯೂ ಆಗಬೇಕಾದುದು ಅದೇ ಬಗೆಯ ಕೆಲಸ. ನಾಲ್ಕು ತೊಟ್ಟಿಗಳಿರುವ ಸಣ್ಣವನು ತಾನೊಬ್ಬನೇ ನೀರನ್ನು ಶುದ್ಧಿಮಾಡುವ ಯಂತ್ರವನ್ನು ಹೂಡಲಾರ. ಹೂಡೆಂದು ನೋಟೀಸು ಕೊಟ್ಟರೆ ಬಾಗಿಲು ಹಾಕುವನು, ಇಲ್ಲವೆ ರಾತ್ರಿಯ ಹೊತ್ತು ಕದ್ದು ಮೋರಿಗೆ ಬಿಡುವನು. ಹತ್ತಾರು ಮಂದಿಗೆ ಸೇರಿ ಒಂದು ಶುದ್ಧೀಕರಣ ಕೇಂದ್ರ ಬೇಕು. ಅದು ಅವರ ತೊಟ್ಟಿಗಳಿಗೆ ಎಷ್ಟು ಹತ್ತಿರವಿರಬೇಕೆಂಬುದನ್ನು ನಕ್ಷೆಯ ಮೇಲೆ ಖಾಲಿ ನಿವೇಶನವನ್ನು ನೋಡಿ ಗೊತ್ತುಮಾಡದೆ, ನೀರನ್ನು ಸಾಗಿಸುವ ಖರ್ಚು ಅವರಲ್ಲಿ ಅತ್ಯಂತ ಸಣ್ಣವನಿಗೂ ತಾಳುವಂತಿದೆಯೇ ಎಂದು ಕೇಳಿ ಗೊತ್ತುಮಾಡಬೇಕು. ಒಂದು ಕಸಬನ್ನು ಸ್ಥಳಾಂತರ ಮಾಡಲೇಬೇಕಾದ ಸಂದರ್ಭವೂ ಬಂದೀತು. ಆಗ ಆಜ್ಞೆ ಹೊರಡಿಸುವ ಅಧಿಕಾರಿಗಳು ಒಂದು ವಾರ ಆ ಕಸಬುದಾರನ ಬಾಗಿಲಲ್ಲಿ ಒಬ್ಬ ಗುಮಾಸ್ತನನ್ನು ಕೂರಿಸಿ, ಯಾರು ಯಾರು ಏನು ಹೊತ್ತುಕೊಂಡು ಒಳಗೆ ಹೋದರು, ಯಾವ ಬೀದಿಯಿಂದ ಬಂದರು, ಮತ್ತೆ ಎಷ್ಟು ಹೊತ್ತಿಗೆ ಬಂದು ಕೊಂಡೊಯ್ದರು ಎಂದು ಬರೆಯಿಸಲಿ. ಎಷ್ಟು ಮಂದಿಯನ್ನು ಜೊತೆಯಲ್ಲಿ ಕರೆದೊಯ್ಯಬೇಕಾಗುವುದೆಂಬುದು ಆ ಪಟ್ಟಿಯಲ್ಲಿರುತ್ತದೆ.